ಕಿವಿಯ ಹಿಂದಿನ ಕವಾಟ

ತಲೆಯ ನೀರು ಬಸಿಯುವ ಶಂಟ್ ಎಂಬ ನಳಿಕೆ ಹಾಕಿಸಿಕೊಂಡ ಮಗು ತಲೆನೋವು ಅಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮಲಗಿದಾಗ ಹೆಚ್ಚೋ, ಎದ್ದು ಕೂತಾಗ ಹೆಚ್ಚೋ? ಬೆಳಗಿನ ಜಾವ ನೋವಿನಿಂದಲೇ ಎಚ್ಚರವಾಗಿ, ವಾಂತಿಯಾಗಿ, ಎದ್ದು ಓಡಾಡಿದ ಮೇಲೆ ಹಗುರವಾದರೆ ತಲೆಯೊಳಗೆ ನೀರು ಕಟ್ಟಿಕೊಳ್ಳುತ್ತಿರಬಹುದು. ಎದ್ದು ನಿಂತಾಗ ನೋವು ಬಂದು, ಮಲಗಿದಾಗ ಇಳಿದರೆ ನೀರು ಅತಿಯಾಗಿ ಹರಿದುಹೋಗುತ್ತಿರಬಹುದು. ಯಂತ್ರವಿಲ್ಲದೆ, ಖರ್ಚಿಲ್ಲದೆ ಸಿಗುವ ಈ ಸುಳಿವು ಎಷ್ಟೋ ಸಲ ದಾರಿ ತೋರಿಸುತ್ತದೆ. ಆದರೆ ಇದಕ್ಕೆ ಉತ್ತರ ಕೊಡಬಲ್ಲವರು ಮನೆಯವರು ಮಾತ್ರ. ನಸುಕಿನಲ್ಲಿ ಮಗು ಹೇಗೆ ಎದ್ದಿತು ಅನ್ನುವುದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಬೆಳಗಾವಿ ಜಿಲ್ಲೆಯ ನೇಸರಗಿ, ಬೈಲಹೊಂಗಲದ ಕಡೆ ಈ ಚಿಕಿತ್ಸೆಯನ್ನು ಹೇಳುವ ಮಾತು ಸರಳ: 'ತಲ್ಯಾಗ ನೀರ ತುಂಬಿತ್ರೀ, ಪೈಪ್ ಹಾಕ್ಯಾರ.' ವೈದ್ಯರ ಉದ್ದದ ಹೆಸರುಗಳಿಗಿಂತ ಇದು ಎಷ್ಟೋ ನೇರ. ಆಗಿರುವುದೂ ಅಷ್ಟೇ.

ದೊಡ್ಡವರ ತಲೆಯಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿಯಾದ ದ್ರವ ಹುಟ್ಟುತ್ತದೆ. ಮಿದುಳಿನ ನಡುವೆ ಒಂದಕ್ಕೊಂದು ಕೂಡಿಕೊಂಡಿರುವ ನಾಲ್ಕು ಕುಹರಗಳಿವೆ. ಅವುಗಳ ಒಳಗೋಡೆಯಲ್ಲಿರುವ ರಕ್ತನಾಳಗಳ ಜೊಂಪೆಗಳು ರಕ್ತದಿಂದ ಈ ದ್ರವವನ್ನು ಸೋಸಿ ಕೊಡುತ್ತವೆ. ಅದು ಒಂದು ಕುಹರದಿಂದ ಇನ್ನೊಂದಕ್ಕೆ ಇಳಿದು, ಮಿದುಳಿನ ಹೊರಮೈಗೂ ಬೆನ್ನುಹುರಿಯ ಸುತ್ತಲೂ ಹರಿದು, ಕೊನೆಗೆ ನೆತ್ತಿಯ ಭಾಗದ ದೊಡ್ಡ ಅಭಿಧಮನಿಯ ಮೂಲಕ ರಕ್ತಕ್ಕೆ ಮರಳುತ್ತದೆ. ಯಾವ ಹೊತ್ತಿನಲ್ಲಿ ಅಳೆದರೂ ಒಳಗಿರುವುದು 150 ಮಿಲಿಲೀಟರ್ ಆಸುಪಾಸು. ಅಂದರೆ ದಿನಕ್ಕೆ ಮೂರು ಸಲವಾದರೂ ಹಳೆಯದು ಹೋಗಿ ಹೊಸದು ಬರುತ್ತದೆ. ಮೂರನೆಯ ಮತ್ತು ನಾಲ್ಕನೆಯ ಕುಹರಗಳ ನಡುವಿನ ದಾರಿ ಒಂದೆರಡು ಮಿಲಿಮೀಟರ್ ಅಗಲದ್ದು. ಅಲ್ಲಿ ಕಟ್ಟಿಕೊಂಡರೆ ಮೇಲಿನ ಕುಹರಗಳು ಉಬ್ಬತೊಡಗುತ್ತವೆ. ದಾರಿ ಮುಚ್ಚಿತೆಂದು ದ್ರವದ ಉತ್ಪತ್ತಿ ನಿಲ್ಲುವುದಿಲ್ಲ. ಕಷ್ಟವೆಲ್ಲ ಇಲ್ಲೇ ಇದೆ.

ಮಲಪ್ರಭಾ ಕಾಲುವೆಯ ನೀರು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನವಿಲುತೀರ್ಥ ಅಣೆಕಟ್ಟಿನ ನೀರು ಹೊಲಕ್ಕೆ ಬಂದರೆ ಸಾಲದು, ಹೆಚ್ಚಾದದ್ದು ಹೊರಗೆ ಹೋಗಲು ಬಸಿಗಾಲುವೆ ಬೇಕು. ಅದಿಲ್ಲದ ಎರೆಭೂಮಿ ಜವುಳು ಹಿಡಿಯುತ್ತದೆ. ಶಂಟ್ ಅಂದರೆ ತಲೆಯಿಂದ ಹೊಟ್ಟೆಗೆ ತೆಗೆದ ಬಸಿಗಾಲುವೆ.

ಮಗುವಿನ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ಹಾಗಾಗಿ ಒತ್ತಡಕ್ಕೆ ತಲೆಯೇ ಹಿಗ್ಗುತ್ತದೆ, ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆ ಕೆಳಗಿಳಿದು ಮೇಲೆ ಬಿಳಿ ಕಾಣುತ್ತದೆ. ಹುಟ್ಟಿದಾಗ 33ರಿಂದ 35 ಸೆಂಟಿಮೀಟರ್ ಇರುವ ತಲೆಯ ಸುತ್ತಳತೆ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು ಎರಡು ಸೆಂಟಿಮೀಟರಿನಂತೆ ಬೆಳೆಯುವುದು ಸಹಜ. ಅದಕ್ಕಿಂತ ಬೇಗ ಓಡುತ್ತಿದ್ದರೆ ತಡಮಾಡಬಾರದು. ತೂಕ ನೋಡುವ ಕಡೆಯೆಲ್ಲ ಒಂದು ಟೇಪು ಇಟ್ಟುಕೊಂಡು ತಲೆಯನ್ನೂ ಅಳೆದು ತಾಯಿ ಕಾರ್ಡಿನಲ್ಲಿ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡವರ ತಲೆಬುರುಡೆ ಹಿಗ್ಗುವುದಿಲ್ಲ, ಆದ್ದರಿಂದ ಒತ್ತಡವನ್ನೆಲ್ಲ ಮಿದುಳೇ ತಿನ್ನಬೇಕು. ಅವರು ಒಂದೆರಡು ದಿನದಲ್ಲಿ, ಕೆಲವೊಮ್ಮೆ ಕೆಲವೇ ತಾಸುಗಳಲ್ಲಿ ಪ್ರಜ್ಞೆ ತಪ್ಪಬಹುದು.

ದಾರಿ ಕಟ್ಟಿಕೊಳ್ಳಲು ಕಾರಣಗಳು ಹಲವು: ಹುಟ್ಟಿನಿಂದಲೇ ದಾರಿ ಕಿರಿದಾಗಿರುವುದು, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಸ್ಪೈನಾ ಬೈಫಿಡಾ, ದಿನ ತುಂಬದೆ ಹುಟ್ಟಿದ ಮಗುವಿನ ಮಿದುಳಿನಲ್ಲಿ ರಕ್ತಸ್ರಾವ, ಗಡ್ಡೆ, ತಲೆಗೆ ಬಿದ್ದ ಪೆಟ್ಟು. ನಮ್ಮ ದೇಶದಲ್ಲಿ ಇವುಗಳ ಜೊತೆಗೆ ಕ್ಷಯವೂ ಇದೆ. ಕ್ಷಯದ ಬ್ಯಾಕ್ಟೀರಿಯಾ ಮಿದುಳಿನ ಪೊರೆಗೆ ತಗುಲಿದಾಗ ಮಿದುಳಿನ ಬುಡದಲ್ಲಿ ಅಂಟಂಟಾದ ಕೀವಿನಂಥ ಪದರ ಕೂತು ದ್ರವದ ಹೊರದಾರಿಗಳನ್ನೇ ಮುಚ್ಚುತ್ತದೆ. ಇಂಥ ರೋಗಿಗಳಲ್ಲಿ ಯಾರಿಗೆ ಶಂಟ್ ಹಾಕಿದರೆ ಎಷ್ಟು ಉಪಯೋಗ ಎಂದು ತೂಗಿ ನೋಡಲು ಜಗತ್ತು ಇಂದಿಗೂ ಬಳಸುವ ನಾಲ್ಕು ಹಂತಗಳ ಅಳತೆಯನ್ನು 1991ರಲ್ಲಿ ಕೊಟ್ಟವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರಾದ ಪಾಲೂರ್, ರಾಜಶೇಖರ್ ಮತ್ತು ಚಾಂಡಿ. ಪ್ರಜ್ಞೆ ಪೂರ್ತಿ ಇರುವಾಗಲೇ ಬಂದವರಿಗೆ ಫಲ ಚೆನ್ನಾಗಿರುತ್ತದೆ, ಪ್ರಜ್ಞೆ ತಪ್ಪಿದ ಮೇಲೆ ಬಂದವರಿಗೆ ಬಹಳ ಕಡಿಮೆ. ಹಳ್ಳಿಯಿಂದ ದವಾಖಾನೆಗೆ ಇರುವ ದಾರಿ ಎಷ್ಟು ದೊಡ್ಡ ಸಂಗತಿ ಅನ್ನುವುದು ಇದರಲ್ಲೇ ಇದೆ.

ಈಗ ಆ ಪೈಪನ್ನು ಹತ್ತಿರದಿಂದ ನೋಡೋಣ. ಸಿಲಿಕೋನಿನ ಮೆತ್ತನೆಯ ನಳಿಕೆ, ದಪ್ಪ ಎರಡೂವರೆ ಮಿಲಿಮೀಟರ್ ಆಸುಪಾಸು. ತಲೆಬುರುಡೆಯಲ್ಲಿ ಚಿಕ್ಕದೊಂದು ರಂಧ್ರ ಕೊರೆದು ಅದರ ಒಂದು ತುದಿಯನ್ನು ಕುಹರದೊಳಗೆ ಬಿಡುತ್ತಾರೆ. ಆ ತುದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳಿರುತ್ತವೆ. ಕಿವಿಯ ಹಿಂದೆ, ಚರ್ಮದ ಕೆಳಗೆ ಒಂದು ಕವಾಟ. ಅಲ್ಲಿಂದ ನಳಿಕೆ ಕುತ್ತಿಗೆಯ ಪಕ್ಕದಲ್ಲಿ, ಎದೆಯ ಮೇಲೆ, ಚರ್ಮದಡಿಯಲ್ಲೇ ಇಳಿದು ಹೊಟ್ಟೆಯೊಳಗೆ ತೆರೆದುಕೊಳ್ಳುತ್ತದೆ. ಹೊಟ್ಟೆಯ ಒಳಪೊರೆ ಆ ದ್ರವವನ್ನು ಹೀರಿಕೊಂಡು ರಕ್ತಕ್ಕೆ ಸೇರಿಸುತ್ತದೆ. ಮಗುವಿಗೆ ಎಣ್ಣೆ ಹಚ್ಚುವ ಅವ್ವನ ಬೆರಳಿಗೆ ಕಿವಿಯ ಹಿಂದಿನ ಉಬ್ಬು ಸಿಗುತ್ತದೆ, ತೆಳ್ಳಗಿನ ಮಗುವಾದರೆ ಕಾಲರ್ ಮೂಳೆಯ ಮೇಲೆ ಹಾದುಹೋಗುವ ದಾರದಂಥ ಗೆರೆಯೂ ಕಣ್ಣಿಗೆ ಕಾಣುತ್ತದೆ. ಬೆಳೆಯುವ ಮೈಗೆ ಸಾಲಲಿ ಎಂದು ಹೊಟ್ಟೆಯೊಳಗೆ ಉದ್ದದ ನಳಿಕೆಯನ್ನು ಸುರುಳಿಯಾಗಿ ಬಿಟ್ಟಿರುತ್ತಾರೆ. ಮಗು ಎತ್ತರವಾದಂತೆ ಅದು ತಾನೇ ಬಿಚ್ಚಿಕೊಳ್ಳುತ್ತದೆ.

ಕವಾಟದ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಮಲಗಿರುವ ದೊಡ್ಡವರ ತಲೆಯೊಳಗಿನ ಒತ್ತಡ 7ರಿಂದ 15 ಮಿಲಿಮೀಟರ್ ಪಾದರಸದಷ್ಟು. ಅದಕ್ಕಿಂತ ಹೆಚ್ಚಾದಾಗ ಕವಾಟ ತೆರೆಯಬೇಕು, ಇಳಿದಾಗ ಮುಚ್ಚಬೇಕು, ದ್ರವ ಹಿಂದಕ್ಕೆ ಬರಬಾರದು. ಎದ್ದು ನಿಂತ ಕೂಡಲೇ ತಲೆಯಿಂದ ಹೊಟ್ಟೆಯವರೆಗಿನ ಅರ್ಧ ಮೀಟರಿನಷ್ಟು ನೀರಿನ ಕಂಬ ತನ್ನ ಭಾರಕ್ಕೆ ತಾನೇ ಕೆಳಗೆ ಜಗ್ಗುತ್ತದೆ. ಕುಹರಗಳು ಬರಿದಾಗಿ ಸೊರಗಬಹುದು. ಮಿದುಳು ಒಳಕ್ಕೆ ಕುಗ್ಗಿ, ಹೊರಪೊರೆಯ ಕೆಳಗೆ ರಕ್ತ ಸೇರಿಕೊಳ್ಳಲೂಬಹುದು. ಅತಿಯಾಗಿ ಹರಿಯುವ ಶಂಟ್‌ನ ತಲೆನೋವು ನಿಂತಾಗ ಹೆಚ್ಚುವುದು ಈ ಕಾರಣಕ್ಕೆ. ಈ ಜಗ್ಗಾಟ ತಡೆಯುವ ಭಾಗವಿರುವ ಕವಾಟಗಳು ಈಗಿವೆ. ಹೊರಗಿನಿಂದಲೇ ಅಯಸ್ಕಾಂತ ಹಿಡಿದು ತೆರೆಯುವ ಒತ್ತಡವನ್ನು ಬದಲಿಸಬಲ್ಲ ಕವಾಟಗಳೂ ಇವೆ. ಅಂಥದು ಇರುವವರು ಎಂಆರ್‌ಐ ಮಾಡಿಸಿದ ಮೇಲೆ ಕವಾಟದ ಅಳತೆ ಬದಲಾಗಿದೆಯೇ ಎಂದು ಕಡ್ಡಾಯವಾಗಿ ನೋಡಿಸಬೇಕು.

ಈ ಕವಾಟವನ್ನು ಕಂಡುಹಿಡಿದ ಕಥೆಯಲ್ಲಿ ಅಪ್ಪಂದಿರ ಪಾತ್ರ ದೊಡ್ಡದು. ಅಮೆರಿಕದ ಜಾನ್ ಹೋಲ್ಟರ್ ಫಿಲಡೆಲ್ಫಿಯಾದ ಕಡೆಯ ಬೀಗದ ಕಾರ್ಖಾನೆಯೊಂದರಲ್ಲಿ ಕೆಲಸಗಾರ. 1955ರಲ್ಲಿ ಹುಟ್ಟಿದ ಅವನ ಮಗ ಕೇಸಿಗೆ ಸ್ಪೈನಾ ಬೈಫಿಡಾ, ಅದರ ಹಿಂದೆಯೇ ತಲೆಯಲ್ಲಿ ನೀರು. ಆಗ ಒಳ್ಳೆಯ ಕವಾಟವೆನ್ನುವುದೇ ಇರಲಿಲ್ಲ. ರಬ್ಬರಿನ ಗೋಡೆಯಲ್ಲಿ ಸೂಜಿ ಮಾಡಿದ ಸೀಳು, ಸೂಜಿ ತೆಗೆದ ಕೂಡಲೇ ಮುಚ್ಚಿಕೊಂಡು ಸೋರದೆ ಇರುವುದನ್ನು ಹೋಲ್ಟರ್ ಗಮನಿಸಿದ. ಒಳಗಿನ ಒತ್ತಡಕ್ಕೆ ತೆರೆದು, ಒತ್ತಡ ಇಳಿದರೆ ತಾನೇ ಮುಚ್ಚಿಕೊಳ್ಳುವ ಸೀಳಿನ ಕವಾಟ ಅವನ ತಲೆಗೆ ಹೊಳೆದದ್ದು ಹಾಗೆ. ಸಿಲಿಕೋನ್ ಕೈಗೆ ಸಿಕ್ಕಿತು, ಶಸ್ತ್ರಚಿಕಿತ್ಸಕ ಯೂಜಿನ್ ಸ್ಪಿಟ್ಜ್ ಜೊತೆಗೂಡಿದ, 1956ರಲ್ಲಿ ಕವಾಟ ಬಳಕೆಗೆ ಬಂತು. ಲೇಖಕ ರೋಆಲ್ಡ್ ಡಾಲ್‌ನ ಮಗ ಥಿಯೊ 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಟ್ಯಾಕ್ಸಿ ಬಡಿದು ತಲೆಗೆ ಪೆಟ್ಟು ತಿಂದಾಗ ನಾಲ್ಕು ತಿಂಗಳ ಕೂಸು. ಅವನಿಗೆ ಹಾಕಿದ ಶಂಟ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು, ಪ್ರತಿಸಲವೂ ಮತ್ತೊಂದು ಆಪರೇಷನ್. ಡಾಲ್ ಸುಮ್ಮನೆ ಕೂಡಲಿಲ್ಲ. ಆಟಿಕೆ ವಿಮಾನಗಳ ಇಂಜಿನ್ನಿಗೆ ಪುಟಾಣಿ ಪಂಪು ಮಾಡುತ್ತಿದ್ದ ಸ್ಟ್ಯಾನ್ಲಿ ವೇಡ್‌ನನ್ನು ಹಿಡಿದು ತಂದ, ಲಂಡನ್ನಿನ ನರಶಸ್ತ್ರಚಿಕಿತ್ಸಕ ಕೆನೆತ್ ಟಿಲ್ ಸೇರಿಕೊಂಡ. 1962ರಲ್ಲಿ ಮೂವರೂ ಸೇರಿ ಸುಲಭಕ್ಕೆ ಕಟ್ಟದ ಕವಾಟ ಮಾಡಿದರು. ಅಷ್ಟು ಹೊತ್ತಿಗೆ ಥಿಯೊನಿಗೆ ಅದರ ಅಗತ್ಯವೇ ಉಳಿದಿರಲಿಲ್ಲ. ಬೇರೆಯವರ ಮಕ್ಕಳಿಗೆ ಅದು ಕೂತಿತು. ಮೂವರೂ ಅದರಿಂದ ಒಂದು ಪೈಸೆ ಲಾಭ ತೆಗೆದುಕೊಳ್ಳಲಿಲ್ಲ.

ನಮಗೆ ಇದಕ್ಕಿಂತ ಮುಖ್ಯವಾದ ಅಧ್ಯಾಯ ಉತ್ತರ ಪ್ರದೇಶದ್ದು. ಆಮದು ಕವಾಟದ ಬೆಲೆ ಕೇಳಿ ವಾಪಸು ಹೋಗುತ್ತಿದ್ದ ಕುಟುಂಬಗಳನ್ನು ನೋಡಿದ ನರಶಸ್ತ್ರಚಿಕಿತ್ಸಕ ಡಾ. ಡಿ. ಕೆ. ಛಾಬ್ರಾ ದೇಶದಲ್ಲೇ ಸರಳವಾದ, ಅಗ್ಗದ ಶಂಟ್ ರೂಪಿಸಿದರು. ಶಹಜಹಾನ್‌ಪುರದಲ್ಲಿ ಅದು ತಯಾರಾಗುತ್ತದೆ. ಅಗ್ಗದ್ದು ಅಂದರೆ ಕಳಪೆ ಅನ್ನುವ ಅನುಮಾನ ಸಹಜ. ಉಗಾಂಡದಲ್ಲಿ ಬೆಂಜಮಿನ್ ವಾರ್ಫ್ ಎಂಬ ಅಮೆರಿಕದ ವೈದ್ಯ ಅದನ್ನೇ ಪರೀಕ್ಷೆಗಿಟ್ಟ. 195 ಮಕ್ಕಳಲ್ಲಿ ಕೆಲವರಿಗೆ ಛಾಬ್ರಾ ಶಂಟ್, ಉಳಿದವರಿಗೆ ಹತ್ತಾರು ಪಟ್ಟು ದುಬಾರಿಯಾದ ಹೊರದೇಶದ ಶಂಟ್ ಹಾಕಿ ಒಂದು ವರ್ಷ ಹಿಂಬಾಲಿಸಿದ. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 'ದುಬಾರಿ ಪೈಪ್ ಹಾಕಿಸಿದ್ದರೆ ಕೂಸಿಗೆ ಮತ್ತ ಆಪರೇಷನ್ ಆಗ್ತಿರಲಿಲ್ಲ' ಎಂದು ಹೊಲ ಮಾರದ್ದಕ್ಕೆ ಕೊರಗುವ ಅಪ್ಪನಿಗೆ ಈ ಮಾತನ್ನು ಯಾರಾದರೂ ಕೂರಿಸಿ ಹೇಳಬೇಕು.

ಏಕೆಂದರೆ ಮತ್ತೊಂದು ಆಪರೇಷನ್ ಬರುವ ಸಂಭವ ಎಲ್ಲ ಶಂಟ್‌ಗಳಿಗೂ ಇದೆ. ಮೂರು ಬಗೆಯ ಕವಾಟಗಳನ್ನು 344 ಮಕ್ಕಳಲ್ಲಿ ಹೋಲಿಸಿದ ದೊಡ್ಡ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಕೆಡದೆ ಉಳಿದ ಶಂಟ್‌ಗಳು ಒಂದು ವರ್ಷದ ಹೊತ್ತಿಗೆ ನೂರಕ್ಕೆ 61, ಎರಡು ವರ್ಷಕ್ಕೆ 47. ಯಾವ ಕವಾಟವೂ ಇನ್ನೊಂದನ್ನು ಮೀರಿಸಲಿಲ್ಲ. ಅನುಭವಿ ಶಸ್ತ್ರಚಿಕಿತ್ಸಕರ ಕೈಯಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ಬಂದ ಲೆಕ್ಕ ಇದು. ಮೊದಲ ಆಪರೇಷನ್ನಿನ ದಿನವೇ ಮನೆಯವರಿಗೆ ಈ ಅಂಕಿ ತಿಳಿಸಿದರೆ ಎರಡನೆಯದು ಬಂದಾಗ ಅವರು ಕುಸಿಯುವುದಿಲ್ಲ. ತಿಳಿಸದಿದ್ದರೆ ಯಾರದೋ ತಪ್ಪು ಹುಡುಕುತ್ತಾರೆ. ಹೆಚ್ಚಿನ ಮನೆಗಳಲ್ಲಿ ಆ ತಪ್ಪು ಅವ್ವನ ಕೊರಳಿಗೇ ಬೀಳುತ್ತದೆ.

ಕೆಡುವ ಬಗೆಗಳೂ ಒಂದೆರಡಲ್ಲ. ಕುಹರದೊಳಗಿನ ಸಣ್ಣ ತೂತುಗಳಲ್ಲಿ ರಕ್ತನಾಳಗಳ ಜೊಂಪೆಯೇ ಬೆಳೆದು ಹೊಕ್ಕು ಕಟ್ಟಿಬಿಡುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಆಗುವುದು ಇದೇ. ವರ್ಷಗಳು ಕಳೆದಂತೆ ಕುತ್ತಿಗೆಯ ಭಾಗದ ನಳಿಕೆಯ ಸುತ್ತ ಸುಣ್ಣ ಕಟ್ಟಿ, ಬಿರುಸಾಗಿ, ಮೈ ಬೆಳೆಯುವ ಎಳೆತಕ್ಕೆ ಅದು ತುಂಡಾಗುತ್ತದೆ. ಹೊಟ್ಟೆಯಲ್ಲಿ ನಳಿಕೆಯ ಬಾಯಿಯ ಸುತ್ತ ಚೀಲ ಕಟ್ಟಿ ನೀರು ಅಲ್ಲೇ ನಿಲ್ಲುತ್ತದೆ. ಸೋಂಕು ತಗುಲಿದರೆ ಶಂಟ್ ಪೂರ್ತಿ ತೆಗೆದು, ಆಂಟಿಬಯೋಟಿಕ್ ಕೊಟ್ಟು, ದ್ರವ ಶುದ್ಧವಾದ ಮೇಲೆ ಹೊಸದು ಹಾಕಬೇಕಾಗುತ್ತದೆ. ಸೋಂಕುಗಳಲ್ಲಿ ಹೆಚ್ಚಿನವು ಆಪರೇಷನ್ ಆದ ಮೊದಲ ಕೆಲವು ತಿಂಗಳಲ್ಲೇ ಕಾಣಿಸಿಕೊಳ್ಳುತ್ತವೆ, ಬ್ಯಾಕ್ಟೀರಿಯಾ ಬರುವುದು ಬಹುಮಟ್ಟಿಗೆ ಚರ್ಮದಿಂದಲೇ. ಇಲ್ಲೊಂದು ಒಳ್ಳೆಯ ಸುದ್ದಿ ಇದೆ. ಬ್ರಿಟನ್ ಮತ್ತು ಐರ್ಲೆಂಡಿನ 1,605 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಂಟಿಬಯೋಟಿಕ್ ಸೇರಿಸಿದ ನಳಿಕೆಯಿಂದ ಸೋಂಕು ನೂರಕ್ಕೆ 6ರಿಂದ 2ಕ್ಕೆ ಇಳಿಯಿತು. ಕೆಲವರಿಗೆ ಶಂಟ್ ಇಲ್ಲದೆಯೂ ಸಾಗುತ್ತದೆ. ದುರ್ಬೀನಿನಿಂದ ಮೂರನೆಯ ಕುಹರದ ತಳದಲ್ಲಿ ರಂಧ್ರ ಮಾಡಿ ದ್ರವಕ್ಕೆ ಹೊಸ ಹೊರದಾರಿ ಕೊಡಬಹುದು. ದಾರಿ ಒಂದು ಕಡೆ ಕಟ್ಟಿಕೊಂಡಿರುವವರಿಗೆ ಅದು ಹೆಚ್ಚು ಹೊಂದುತ್ತದೆ. ಆ ರಂಧ್ರವೂ ಮುಚ್ಚಿಕೊಳ್ಳಬಹುದು, ಆದ್ದರಿಂದ ಅವರ ಮೇಲೂ ಕಣ್ಣಿಟ್ಟಿರಲೇಬೇಕು.

ಶಂಟ್ ಕೆಟ್ಟರೆ ಸದ್ದು ಮಾಡುವುದಿಲ್ಲ, ಕೆಂಪು ದೀಪ ಹತ್ತುವುದಿಲ್ಲ. ಕೆಲವೊಮ್ಮೆ ಸ್ಕ್ಯಾನ್‌ನಲ್ಲೂ ಕುಹರಗಳು ದೊಡ್ಡದಾಗಿ ಕಾಣುವುದಿಲ್ಲ. ಹಾಗಿರುವಾಗ ಈ ಯಂತ್ರದ ಒಂದು ಭಾಗ ಮನೆಯಲ್ಲೇ ಇರಬೇಕಾಗುತ್ತದೆ. ಅದು ಮಗುವನ್ನು ದಿನವೂ ನೋಡುವ ಕಣ್ಣು. ಒಂದೇ ಮಗುವಿನಲ್ಲಿ ಶಂಟ್ ಕೆಡುವ ರೀತಿ ಮರುಕಳಿಸುವುದುಂಟು. 'ಹೋದ ಸಲಾನೂ ಹಿಂಗ ಆಗಿತ್ರೀ. ಮೊದಲ ಸಿಟ್ಟಾಗ್ತಾನ, ಆಮ್ಯಾಲ ಊಟ ಬಿಡ್ತಾನ, ಮರುದಿನ ಮುಂಜಾನೆ ವಾಂತಿ' ಎಂದು ಅವ್ವ ಹೇಳಿದರೆ ಅದನ್ನು ಸ್ಕ್ಯಾನ್ ವರದಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಶಾಲೆಯಲ್ಲಿ ಚುರುಕಾಗಿದ್ದ ಹುಡುಗಿ ಮಂಕಾದದ್ದು, ಒಂದು ವಸ್ತು ಎರಡಾಗಿ ಕಂಡದ್ದು, ನಡಿಗೆ ತಪ್ಪಿದ್ದು, ಹಗಲೆಲ್ಲ ತೂಕಡಿಸಿದ್ದು, ನಳಿಕೆ ಹಾದ ದಾರಿಯಲ್ಲಿ ಕೆಂಪಾಗಿ ಊದಿದ್ದು, ಎಲ್ಲವೂ ಸುಳಿವುಗಳೇ. ಹಾಗೆಂದು ಪ್ರತಿ ಜ್ವರಕ್ಕೂ ಹೆದರಬೇಕಿಲ್ಲ. ಶಂಟ್ ಇರುವ ಮಗುವಿಗೂ ನೆಗಡಿ ಬರುತ್ತದೆ. ಕವಾಟವನ್ನು ಒತ್ತಿ ಒತ್ತಿ ಪರೀಕ್ಷಿಸುವುದು ಮಾತ್ರ ಬೇಡ. ಅದರಿಂದ ಏನೂ ಖಚಿತವಾಗುವುದಿಲ್ಲ, ತೊಂದರೆ ಆಗಬಹುದು.

ಮೊದಲೆಲ್ಲ ಈ ಭಾಗದವರು ದೊಡ್ಡ ಕಾಯಿಲೆಗೆ ಮಿರಜಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುತ್ತಿದ್ದರು. ಈಗ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲಿ, ಹಿಂದೆ ಕಿಮ್ಸ್ ಎನಿಸಿಕೊಂಡಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಿ ನರಶಸ್ತ್ರಚಿಕಿತ್ಸೆ ಸಿಗುತ್ತದೆ. ಬೆಳಗಾವಿ–ಬಾಗಲಕೋಟೆ ರಸ್ತೆಯ ಮೇಲಿರುವ ನೇಸರಗಿಯಿಂದ ಬೆಳಗಾವಿ ಒಂದು ತಾಸಿನ ದಾರಿ. ರಾಮದುರ್ಗದವರಿಗೆ ಅದೇ ಬೆಳಗಾವಿ ಸುಮಾರು ನೂರು ಕಿಲೋಮೀಟರ್. ಆ ದಾರಿಯಲ್ಲಿ ಕೈಯಲ್ಲಿ ಇರಬೇಕಾದದ್ದು ಒಂದು ಫೈಲು: ಎಲ್ಲ ಆಪರೇಷನ್‌ಗಳ ತಾರೀಖು, ಕವಾಟದ ಹೆಸರು ಮತ್ತು ಒತ್ತಡದ ಅಳತೆ, ಡಿಸ್‌ಚಾರ್ಜ್ ಕಾರ್ಡುಗಳು. ಬಹುಮುಖ್ಯವಾಗಿ, ಮಗು ಆರಾಮಾಗಿದ್ದಾಗ ತೆಗೆಸಿದ ಒಂದು ಸ್ಕ್ಯಾನ್. ಅದನ್ನು ಪಕ್ಕಕ್ಕಿಟ್ಟುಕೊಂಡು ನೋಡಿದಾಗಲೇ ಇವತ್ತಿನ ಕುಹರ ದೊಡ್ಡದಾಗಿದೆಯೋ ಇಲ್ಲವೋ ತಿಳಿಯುವುದು. ಫಿಲ್ಮ್ ಒದ್ದೆಯಾಗಬಹುದು, ಕಳೆಯಬಹುದು. ಮೊಬೈಲಿನಲ್ಲಿ ಫೋಟೊ ತೆಗೆದು ಮಾಮಾನಿಗೂ ಅಣ್ಣನಿಗೂ ಕಳಿಸಿಟ್ಟರೆ ಒಳ್ಳೆಯದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆ ಕಾರ್ಡೂ ರೇಷನ್ ಕಾರ್ಡೂ ಅದೇ ಫೈಲಿನಲ್ಲಿರಲಿ.

ಅವ್ವನ ಕೊರಳಿಗೆ ಬೀಳುವ ತಪ್ಪಿನ ಮಾತಿಗೆ ಮರಳುತ್ತೇನೆ. ಬಸಿರಿದ್ದಾಗ ಗ್ರಹಣ ನೋಡಿದಳು, ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋದಳು ಎಂದು ಹೇಳುವವರು ಇನ್ನೂ ಇದ್ದಾರೆ. ಗ್ರಹಣಕ್ಕೂ ಮಗುವಿನ ಮಿದುಳಿಗೂ ಯಾವ ಸಂಬಂಧವೂ ಇಲ್ಲ. ಸ್ಪೈನಾ ಬೈಫಿಡಾಕ್ಕೆ ಮಾತ್ರ ಒಂದು ಜೀವಸತ್ವದ ಸಂಬಂಧವಿದೆ. ಅಂಥ ಮಗುವನ್ನು ಒಮ್ಮೆ ಹೆತ್ತ ತಾಯಂದಿರಿಗೆ ಫೋಲಿಕ್ ಆಮ್ಲ ಕೊಟ್ಟರೆ ಮುಂದಿನ ಮಗುವಿಗೆ ಅದು ಬರುವ ಸಂಭವ ನೂರಕ್ಕೆ 72ರಷ್ಟು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ 1991ರಲ್ಲಿ ತೋರಿಸಿತು. ತೊಡಕಿರುವುದು ಸಮಯದಲ್ಲಿ. ಗರ್ಭ ನಿಂತ 28 ದಿನದೊಳಗೆ ಬೆನ್ನುಹುರಿಯ ನಳಿಕೆ ಮುಚ್ಚಿಕೊಂಡಿರುತ್ತದೆ. ಬಹಳಷ್ಟು ಹೆಂಗಸರಿಗೆ ಬಸಿರೆಂದು ಗೊತ್ತಾಗಿ, ಆಶಾ ಕಾರ್ಯಕರ್ತೆ ಗುಳಿಗೆ ತಂದುಕೊಡುವ ಹೊತ್ತಿಗೆ ಆ ದಿನಗಳು ಮುಗಿದಿರುತ್ತವೆ. ಮೆಂತೆಪಲ್ಲೆ, ಹಕ್ಕರಕಿ ತಿನ್ನುವುದು ಒಳ್ಳೆಯದೇ, ಆದರೆ ಅಷ್ಟೇ ಸಾಲುವುದಿಲ್ಲ. ಗುಳಿಗೆ ಶುರುವಾಗಬೇಕಾದದ್ದು ಮದುವೆಯಾದ ಹೊಸತರಲ್ಲಿ. ಇದನ್ನು ಹೇಳದ ಆರೋಗ್ಯ ವ್ಯವಸ್ಥೆಯನ್ನು ಬಿಟ್ಟು ಹೆತ್ತವಳನ್ನು ದೂರುವುದು ಅನ್ಯಾಯ.

ಇನ್ನು ಮಗುವಿನ ಧೈರ್ಯ. ನಾಲ್ಕೈದು ಆಪರೇಷನ್ ಕಂಡ ಮಗುವನ್ನು ಎಲ್ಲರೂ 'ಗಟ್ಟಿ' ಅನ್ನುತ್ತಾರೆ. ಅದರ ಭಯ ಎಲ್ಲಿದೆಯೆಂದು ಕೇಳುವವರು ಕಡಿಮೆ. ಅದು ಬಹಳ ಸಲ ಆಪರೇಷನ್ನಿನಲ್ಲಿ ಇರುವುದೇ ಇಲ್ಲ. 'ಯವ್ವಾ, ಮತ್ತ ತಲಿ ಬೋಳಸ್ತಾರೇನ? ಸಾಲ್ಯಾಗ ನಗ್ತಾರ' ಎಂಬಲ್ಲಿರುತ್ತದೆ. ಹಾಗಿದ್ದರೆ ಅದಕ್ಕೆ ಉತ್ತರ ಹುಡುಕಬಹುದು: ಎಷ್ಟು ಕೂದಲು ತೆಗೆಯಬೇಕು ಎಂದು ಡಾಕ್ಟರನ್ನು ಕೇಳಬಹುದು, ಟೋಪಿ ಕೊಡಿಸಬಹುದು, ಮಾಸ್ತರರಿಗೆ ಮೊದಲೇ ಹೇಳಿಡಬಹುದು. 'ಜಾತ್ರಿಗೆ ಹೋಗೂಣು ಬಾ' ಎಂದು ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ದರೆ ಒಂದು ದಿನದ ಅಳು ತಪ್ಪೀತು, ಮುಂದಿನ ಸಲ ಆ ಮಗು ಅಪ್ಪನ ಯಾವ ಮಾತನ್ನೂ ನಂಬುವುದಿಲ್ಲ. ಸೂಜಿ ಚುಚ್ಚುತ್ತಾರೆ, ನೋವಾಗುತ್ತದೆ, ನಿದ್ದೆ ಬರಿಸುತ್ತಾರೆ, ಎದ್ದಾಗ ನಾನು ಅಲ್ಲೇ ಇರುತ್ತೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮತ್ತು ಎದ್ದಾಗ ಅಲ್ಲೇ ಇರಬೇಕು. ಮನೆಯಲ್ಲಿ ಉಳಿದ ಅಕ್ಕ ತಂಗಿಯರೂ ಆ ದಿನಗಳಲ್ಲಿ ಹೆದರಿರುತ್ತಾರೆ, ಅವರಿಗೂ ಯಾರಾದರೂ ಫೋನ್ ಮಾಡಿ ಮಾತಾಡಬೇಕು.

ಗಾಯ ಮಾಗಿ ಡಾಕ್ಟರು ಒಪ್ಪಿದ ಮೇಲೆ ಮಗುವನ್ನು ಶಾಲೆಗೆ ಕಳಿಸುವುದೇ ಸರಿ. ಓಡಲಿ, ಈಜಲಿ, ಸೈಕಲ್ ಹೊಡೆಯಲಿ, ಕ್ರಿಕೆಟ್ ಆಡಲಿ. ಕುಸ್ತಿ ಮತ್ತು ಕಬಡ್ಡಿಯ ಬಗ್ಗೆ ಮಾತ್ರ ಶಸ್ತ್ರಚಿಕಿತ್ಸಕರನ್ನು ಕೇಳಲೇಬೇಕು. ಈ ಸೀಮೆಯಲ್ಲಿ ಗರಡಿಮನೆಯ ಆಸೆ ದೊಡ್ಡದು, ಆದರೆ ಕುತ್ತಿಗೆ ಹಿಡಿದು ತಿರುವುವ ಪಟ್ಟು ನಳಿಕೆ ಹಾದಿರುವ ಜಾಗಕ್ಕೇ ಬೀಳುತ್ತದೆ.

ಅರವತ್ತು ದಾಟಿದವರಲ್ಲೂ ಒಂದು ಬಗೆಯ ನೀರು ತುಂಬುವಿಕೆ ಇದೆ. 1965ರಲ್ಲಿ ಕೊಲಂಬಿಯಾ ದೇಶದ ಸಾಲೊಮೊನ್ ಹಕೀಮ್ ಮತ್ತು ಅಮೆರಿಕದ ರೇಮಂಡ್ ಆಡಮ್ಸ್ ಅದನ್ನು ವಿವರಿಸಿದರು. ಕಾಲು ನೆಲಕ್ಕೆ ಅಂಟಿದಂತೆ ನಡೆಯುವುದು, ಮೂತ್ರ ತಡೆಯಲಾಗದಿರುವುದು, ಮರೆವು, ಈ ಮೂರು ಜೊತೆಗೂಡಿ ಬಂದರೆ 'ಮುದುಕ ಆದ್ನಲ್ಲ' ಎಂದು ಕೈಬಿಡಬಾರದು. ಸರಿಯಾಗಿ ಪರೀಕ್ಷಿಸಿ ಆರಿಸಿದವರಿಗೆ ಶಂಟ್ ಹಾಕಿದರೆ ನಡಿಗೆ ಸುಧಾರಿಸುತ್ತದೆ.

ಶಂಟ್ ಹಾಕಿಸಿಕೊಂಡ ಹೆಣ್ಣುಮಕ್ಕಳು ಬೆಳೆದು ದೊಡ್ಡವರಾಗುತ್ತಿದ್ದಾರೆ. ಅವರ ಬಗ್ಗೆ ಮನೆಗಳಲ್ಲಿ ತಗ್ಗಿದ ದನಿಯಲ್ಲಿ ನಡೆಯುವ ಮಾತು ಮದುವೆಯದು. ಶಂಟ್ ಇರುವವಳು ಬಸಿರಾಗಬಹುದು, ಹೆರಬಹುದು. ಜಗತ್ತಿನಾದ್ಯಂತ ಸಾವಿರಾರು ಹೆಂಗಸರು ಹೆತ್ತಿದ್ದಾರೆ. ಕವಾಟವಿದೆ ಅನ್ನುವ ಒಂದೇ ಕಾರಣಕ್ಕೆ ಸಿಜೇರಿಯನ್ ಆಗಲೇಬೇಕೆಂದೇನೂ ಇಲ್ಲ. ಕೊನೆಯ ತಿಂಗಳುಗಳಲ್ಲಿ ಗರ್ಭ ದೊಡ್ಡದಾಗಿ ಹೊಟ್ಟೆಯೊಳಗಿನ ಒತ್ತಡ ಏರಿದಾಗ ದ್ರವ ಇಳಿಯುವುದು ನಿಧಾನವಾಗಿ ತಲೆನೋವು ಬರಬಹುದು. ಅದನ್ನು ಗರ್ಭಿಣಿಯ ರಕ್ತದೊತ್ತಡದ ತಲೆನೋವಿನಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ, ಆದ್ದರಿಂದ ಹೆರಿಗೆ ಡಾಕ್ಟರಿಗೂ ನರಶಸ್ತ್ರಚಿಕಿತ್ಸಕರಿಗೂ ಪರಸ್ಪರ ಪರಿಚಯ ಇರುವ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಅವಳಿಗೆ ಸ್ಪೈನಾ ಬೈಫಿಡಾ ಇದ್ದರೆ ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚಿನ ಫೋಲಿಕ್ ಆಮ್ಲ ಬೇಕಾಗುತ್ತದೆ, ಅದೂ ಗರ್ಭ ನಿಲ್ಲುವ ಮೊದಲೇ ಶುರುವಾಗಬೇಕು. ಮದುವೆಯ ಮಾತುಕತೆಯಲ್ಲಿ ಇದನ್ನೆಲ್ಲ ಮುಚ್ಚಿಡದೆ ಎರಡೂ ಮನೆಯವರು ಒಟ್ಟಿಗೆ ಒಮ್ಮೆ ಡಾಕ್ಟರ ಮುಂದೆ ಕೂತು ಕೇಳಿಸಿಕೊಳ್ಳಬೇಕು. ಆ ಫೈಲು ಅಷ್ಟು ಹೊತ್ತಿಗೆ ಹುಡುಗಿಯ ಕೈಗೇ ಬಂದಿರಬೇಕು. ಯಾವ ಕಡೆ ಕವಾಟ, ಯಾವ ವರ್ಷ ಏನಾಯಿತು, ಕೆಟ್ಟಾಗ ತನಗೆ ಮೊದಲು ಏನಾಗುತ್ತದೆ ಅನ್ನುವುದನ್ನು ಅವಳೇ ಬಾಯಿಬಿಟ್ಟು ಹೇಳುವಂತಿರಬೇಕು. ಗಂಡನ ಮನೆಯಲ್ಲಿ ನಸುಕಿನಲ್ಲಿ ತಲೆನೋವು ಬಂದರೆ, ಅದು ಯಾವ ಬಗೆಯದೆಂದು ಅಲ್ಲಿ ಹೇಳಬಲ್ಲವಳು ಅವಳೊಬ್ಬಳೇ.